ಇಪ್ಪತ್ತಮೂರನೆಯ ಹಲಗೆ

ಅಜ್ಜಿ ಕೆಜಾಯಾಳ ಮನೆಗೆ ಬುನಾದಿಯಿರಲಿಲ್ಲ.
ಹವಳದ ಕಲ್ಲಿನ ಮೇಲೆ ತೊಲೆ,
ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ತಗಡು.
ತೊಲೆಯ ಕೆಳಗಿನ ಸಂದಿಯಲ್ಲಿ ಕೋಳಿ, ನಾಯಿ, ನಾವು ಮಕ್ಕಳು,
ಬಿಸಿಲಿಗೆ ಹೆದರಿದವರೆಲ್ಲ.

ನೆಲ ದೊರೆಯದು, ಮನೆ ನಮ್ಮದು.
ಬಾರ್ಬಡೋಸಿನಲ್ಲಿ ಇಷ್ಟು ಗೊತ್ತಿದ್ದರೆ
ಅರ್ಧ ಚರಿತ್ರೆ ಗೊತ್ತಿದ್ದಂತೆ.
ಬಿಡುಗಡೆಯ ಗಂಟೆ ಬಾರಿಸಿದ ದಿನ
ಸರಪಳಿ ಬಿಚ್ಚಿದರಂತೆ; ಬೇಲಿ ಬಿಚ್ಚಲಿಲ್ಲ.
ಕಬ್ಬು ಕಡಿಯುವವರೆಗೆ ನಿಲ್ಲಲು ಜಾಗ,
ಕತ್ತಿ ಕೆಳಗಿಟ್ಟರೆ ನಾಲ್ಕು ವಾರ ಗಡುವು.
ಅದಕ್ಕೇ ನಮ್ಮ ಬಡಗಿಗಳು
ಮೊಳೆಯನ್ನು ತಲೆಯವರೆಗೆ ಹೊಡೆಯುತ್ತಿರಲಿಲ್ಲ.

ಅಜ್ಜಿಯ ಅಜ್ಜಿ ಫೀಬಾ ತೋಟದ ಹಳೆಯ ದಫ್ತರಿನಲ್ಲಿದ್ದಾಳೆ,
ಒಂದು ಹೇಸರಗತ್ತೆಗೂ ಒಂದು ತಾಮ್ರದ ಕೊಪ್ಪರಿಗೆಗೂ ನಡುವೆ:
‘ಎಡಗಣ್ಣು ಮಂಜು, ಮೂವತ್ತು ಪೌಂಡು.’
ಪುಟದ ನೆತ್ತಿಯಲ್ಲಿ ದುಂಡಗಿನ ಅಕ್ಷರ: ಚರಾಸ್ತಿ.
ಮೊಮ್ಮಗಳ ಕಾಲಕ್ಕೆ ಆ ಪದ
ಮೈಯಿಂದ ಇಳಿದು ಮನೆಯ ಮೇಲೆ ಕೂತಿತು.

ತಾತ ಥಿಯೊಫಿಲಸ್ ಒಂದೇ ಒಂದು ಮಾತು ಕೇಳಿದ್ದು:
‘ತಕ್ಕಡಿ ಯಾಕೆ ಸದಾ ನಮ್ಮ ಕಡೆಗೇ ಹಗುರ?’
ಮೇಸ್ತ್ರಿ ಏನೂ ಹೇಳಲಿಲ್ಲ. ಸೋಮವಾರ ಚೀಟಿ ಬಂತು.

ಅಜ್ಜಿಗೆ ಓದು ಬಾರದು. ಅಂಕಿ ಬರುತ್ತಿತ್ತು,
ಹಾರುಮೀನು ಮಾರಿ ಕಲಿತದ್ದು.
ಸುಣ್ಣದ ಕಡ್ಡಿ ಹಿಡಿದು ಇರುಳಿಡೀ
ಒಂದೊಂದು ಹಲಗೆಗೂ ನಂಬರು ಹಾಕಿದಳು.
ಕೊನೆಯ ದಿನ ಎರಡು ಗಾಡಿ, ಹದಿನಾಲ್ಕು ಜನ.
ತಲೆಯ ಮೇಲೆ ಕಿಟಕಿ ಹೊತ್ತ ಡೋರ್ಕಸ್ ಅತ್ತೆ
ದಾರಿಯುದ್ದಕ್ಕೂ ದೊರೆಯನ್ನು ಬೈದಳಂತೆ,
ಆಮೇಲೆ ಗತ್ತೆಯನ್ನು, ಆಮೇಲೆ ಗಂಡನನ್ನು.
ಬೆಳಗಿನ ಒಲೆಯ ಕೆಂಡ ಮಡಕೆಯಲ್ಲಿ ಬಂತು.
ರಾತ್ರಿ, ಮೂರು ಮೈಲಿ ಆಚೆ, ಇನ್ನೊಬ್ಬ ದೊರೆಯ ನೆಲದಲ್ಲಿ
ಅದೇ ಕೆಂಡದ ಮೇಲೆ ಜೋಳದ ಹಿಟ್ಟು ತಿರುವಿದಳು.

ದಾರಿಯಲ್ಲಿ ಒಂದು ಹಲಗೆ ಬಿದ್ದುಹೋಗಿತ್ತು.
ಇಪ್ಪತ್ತೆರಡು, ಆಮೇಲೆ ಇಪ್ಪತ್ತನಾಲ್ಕು.
ನಡುವಿನ ಬಿರುಕಿನಿಂದ
ನಮ್ಮಮ್ಮ ಮಲಗುತ್ತಿದ್ದ ಚಾಪೆಯ ಮೇಲೆ
ಮಳೆಗಾಲದಲ್ಲಿ ಮಳೆ, ಉಳಿದಂತೆ ಸೂರ್ಯ.
‘ಪನಾಮದಿಂದ ಮಹಾಗನಿ ತರುತ್ತೇನೆ’ ಅಂದ ತಾತ,
ಕಾಲುವೆ ಅಗೆಯಲು ಹಡಗಿನ ಅಟ್ಟದ ಮೇಲೆ ಹೊರಟ.

ಅಲ್ಲಿ ಬಿಳಿಯರ ಸಂಬಳ ಚಿನ್ನದಲ್ಲಿ, ಕರಿಯರದು ಬೆಳ್ಳಿಯಲ್ಲಿ,
ಎರಡು ಕಿಟಕಿ, ಎರಡು ಸಾಲು.
ಬೆಳ್ಳಿ ಎರಡು ವರ್ಷ ಬಂತು.
ಮೂರನೆಯ ವರ್ಷ ಬಂದದ್ದು ಪೆಟ್ಟಿಗೆ.
ತಂದವನು ಟೋಪಿ ಕೈಯಲ್ಲಿ ಹಿಡಿದು ನಿಂತ,
ಕೊಟ್ಟ ನೀರು ಕುಡಿಯಲಿಲ್ಲ.
ಸಿಡಿಮದ್ದು ತುಂಬುವ ಮರದ ಪೆಟ್ಟಿಗೆ:
ಒಂದು ಅಂಗಿ, ಕ್ಷೌರದ ಕತ್ತಿ, ಹನ್ನೊಂದು ಪೌಂಡು.

ಅಜ್ಜಿ ಅತ್ತದ್ದನ್ನು ನಮ್ಮಮ್ಮ ನೋಡಿಲ್ಲ.
ಪೆಟ್ಟಿಗೆ ಒಡೆದದ್ದನ್ನು ನೋಡಿದಳು.
ಮರವನ್ನು ಜೋಡಿಸಿ ಬಿರುಕಿಗೆ ಹೊಡೆದು
ಮೇಲೆ ಇಪ್ಪತ್ತಮೂರು ಎಂದು ಬರೆದಳು.
ಮರದ ಮೇಲಿನ ಕಪ್ಪು ಮುದ್ರೆ ತಲೆಕೆಳಗಾಗಿತ್ತು.
ನಾನು ಓದಲು ಕಲಿತ ಮೊದಲ ಪದ ಅದೇ,
ಕತ್ತು ವಾಲಿಸಿಕೊಂಡು: ಅಪಾಯ.

ಹನ್ನೊಂದು ಪೌಂಡಿಗೆ ಹನ್ನೆರಡು ಹೆಂಗಸರ ಚೀಟಿಯ ಹಣ ಸೇರಿ
ಕಬ್ಬೂ ಒಲ್ಲೆನೆಂದ ಕಲ್ಲು ಇಳಿಜಾರು ನಮ್ಮದಾಯಿತು.
ಮತ್ತೆ ಗಾಡಿ, ಮತ್ತೆ ಕೆಂಡ.
‘ಇನ್ನು ಬುನಾದಿ ಹಾಕು ಕೆಜಾಯಾ,
ಕಾಗದ ನಿನ್ನ ಹೆಸರಲ್ಲೇ ಇದೆಯಲ್ಲ’
ಎಂದರು ಚರ್ಚಿನ ಹಿರಿಯರು.
‘ಇರಲಿ, ಇನ್ನೂ ಸ್ವಲ್ಪ ನೋಡೋಣ’ ಅಂದಳು.
ಮೂವತ್ತು ವರ್ಷ ನೋಡಿದಳು.
ಪ್ರತಿ ಕ್ರಿಸ್ಮಸ್ಸಿಗೆ ಊರೆಲ್ಲ ಗೋಡೆಗೆ ಬಣ್ಣ ಬಳಿದರೆ
ಅವಳು ಮಾಸಿದ ಅಂಕಿಗಳ ಮೇಲೆ ಸುಣ್ಣದ ಕಡ್ಡಿ ಆಡಿಸುತ್ತಿದ್ದಳು.

ಅವಳು ಹೋದ ಮೇಲೆ ಆ ಕೆಲಸ ನನಗೆ ಬಂತು.
ಒಂದೆರಡು ವರ್ಷ ಮರೆತೂ ಇದ್ದೇನೆ.

ಮೊನ್ನೆ ಬಣ್ಣದ ಹುಡುಗ ಬಂದಿದ್ದ.
ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೇಳಿದ,
‘ಯಾವ ಮಗುವಿನ ಗೀಚು ಇದು, ಅಮ್ಮಾ?’
ಹದಿನೇಳರವರೆಗೆ ಬಂದಿದ್ದ.
ಚಹಾ ಆರುತ್ತದೆ, ಬಾ ಕೂತುಕೋ, ಅಂದೆ.